ಬೇಳದ ಇಗರ್ಜಿ, ರಾಜಪುರದ ಪಳ್ಳಿ

"ಒಬ್ಬನೇ ಏಸು, ಒಂದೇ ಬೈಬಲ್. ಮತ್ತೆ ಇಷ್ಟೊಂದು ಪಂಗಡ ಯಾಕೆ ಮಾರಾಯ್ರೆ?" ಈ ಪ್ರಶ್ನೆ ನಮ್ಮ ಕಡೆ ಚಾ ಅಂಗಡಿಯಲ್ಲೂ ಬರುತ್ತದೆ, ಮದುವೆ ಊಟದ ಪಂಕ್ತಿಯಲ್ಲೂ ಬರುತ್ತದೆ. ಕೇಳುವವರ ದನಿಯಲ್ಲಿ ಸ್ವಲ್ಪ ಕುಚೋದ್ಯ ಇದ್ದೇ ಇರುತ್ತದೆ. ನಿಮ್ಮ ಮನೆಯವರು ಯಾವ ಮಠದ ಶಿಷ್ಯರು ಎಂದು ತಿರುಗಿ ಕೇಳಿದರೆ ಮಾತು ಮಳೆಯ ಕಡೆಗೋ ಅಡಿಕೆ ರೇಟಿನ ಕಡೆಗೋ ಹೊರಳುತ್ತದೆ. ಸುನ್ನಿ ಎಂದರೆ ಸಾಲದು, ಇ.ಕೆ. ಸುನ್ನಿಯೋ ಎ.ಪಿ. ಸುನ್ನಿಯೋ ಎಂದು ವಿಚಾರಿಸುವ ಊರು ನಮ್ಮದು. ಹಾಗಿರುವಾಗ ಕ್ರೈಸ್ತರ ಪಂಗಡಗಳನ್ನು ಕಂಡು ಆಶ್ಚರ್ಯಪಡುವ ಹಕ್ಕು ನಮಗೆ ಅಷ್ಟೇನೂ ಇಲ್ಲ.

ಪ್ರಶ್ನೆ ಮಾತ್ರ ಒಳ್ಳೆಯದೇ. ಕಾಸರಗೋಡಿನವರು ಉತ್ತರ ಹುಡುಕಿಕೊಂಡು ರೋಮ್‌ವರೆಗೆ ಹೋಗಬೇಕಾಗಿಯೂ ಇಲ್ಲ. ಬದಿಯಡ್ಕದ ಹತ್ತಿರ ಬೇಳದಲ್ಲಿ 1890ರಲ್ಲಿ ಕಟ್ಟಿದ ವ್ಯಾಕುಲ ಮಾತೆಯ ಇಗರ್ಜಿ ಇದೆ. ಗೋಥಿಕ್ ಶೈಲಿಯ ಚಂದದ ಕಟ್ಟಡ. ಬರುವವರು ಹೆಚ್ಚಾಗಿ ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಇಗರ್ಜಿ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿದ್ದು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳದ ಪಾಲಾಯಿತು, ಇಗರ್ಜಿ ಮಂಗಳೂರಿನ ಬಿಷಪರ ಕೈಯಲ್ಲೇ ಉಳಿಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನಾದರೂ ಕರ್ನಾಟಕಕ್ಕೆ ಕೊಡಿ ಎಂದು ವರ್ಷಗಟ್ಟಲೆ ಕೂಗಿದರೂ ಸಿಗದ್ದು ಬೇಳದ ಪೊರ್ಬುಗಳಿಗೆ (ಕೊಂಕಣಿ ಕ್ಯಾಥೊಲಿಕರಿಗೆ) ಸುಮ್ನೆ ಸಿಕ್ಕಿತು ಎಂದು ಹಿರಿಯರೊಬ್ಬರು ನಗುತ್ತಿದ್ದರು.

ಅಲ್ಲಿಂದ ಮುಳ್ಳೇರಿಯ, ಬಂದಡ್ಕ ದಾಟಿ ರಾಜಪುರದ ಕಡೆ ಹೋಗಿ ನೋಡಿ. ಅಡಿಕೆ ತೋಟ ಕಡಿಮೆಯಾಗಿ ರಬ್ಬರ್ ಶುರುವಾಗುತ್ತದೆ. 1943ರಲ್ಲಿ ಕೊಟ್ಟಾಯಂ ಕಡೆಯ ಕ್ನಾನಾಯ ಕ್ಯಾಥೊಲಿಕ್ ಕುಟುಂಬಗಳು ಬಂದು ನೆಲೆಸಿದ ಜಾಗ ಅದು. ಆಗ ಅದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ. ಇವರೂ ಪೋಪರನ್ನು ಒಪ್ಪುವವರೇ, ಆದರೆ ಇವರ ಬಿಷಪರು ಇರುವುದು ಕೊಟ್ಟಾಯಂನಲ್ಲಿ. ವೆಳ್ಳರಿಕುಂಡು, ಮಾಲೋಂ ಕಡೆ ಪಾಲಾದಿಂದ, ತೊಡುಪುಳದಿಂದ ಗುಡ್ಡ ಹತ್ತಿ ಬಂದ, ಸುರಿಯಾನಿ ಪದ್ಧತಿಯ ಕ್ಯಾಥೊಲಿಕರಾದ ಸೀರೋ ಮಲಬಾರ್‌ನವರು ಇದ್ದಾರೆ. ಅವರ ಬಿಷಪರು ತಲಶ್ಶೇರಿಯವರು. ಲ್ಯಾಟಿನ್ ಪದ್ಧತಿಯ ಮಲಯಾಳಿಗಳಿಗೆ ಕಣ್ಣೂರು. ಒಂದೇ ಜಿಲ್ಲೆ, ಒಬ್ಬರೇ ಪೋಪು, ಬಿಷಪರು ನಾಲ್ಕು ಕಡೆ. ಇದಿಷ್ಟೂ ಕ್ಯಾಥೊಲಿಕ್ ಎಂಬ ಒಂದೇ ಸಭೆಯ, ಅಂದರೆ ಒಂದೇ ಚರ್ಚಿನ, ಒಳಗಿನ ಲೆಕ್ಕ. ಇದರ ಮೇಲೆ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಯಾಕೋಬಾಯ, ಆರ್ಥೊಡಾಕ್ಸ್, ಮಾರ್ ತೋಮಾ, ಪೆಂಟೆಕೋಸ್ಟ್.

ಆ ಗುಡ್ಡದ ಮೇಲಿನವರ ರಾಜಕೀಯವೂ ಇದೇ ಥರ. 1964ರಲ್ಲಿ ಹುಟ್ಟಿದ ಕೇರಳ ಕಾಂಗ್ರೆಸ್ಸಿಗೆ ಈಗ ಬ್ರಾಕೆಟ್ಟಿನೊಳಗೆ ಎಷ್ಟು ಅಕ್ಷರಗಳಿವೆ ಎಂದು ಅಲ್ಲಿನವರಿಗೇ ಗೊಂದಲ. ಬೆಳೆದಂತೆ ಒಡೆಯುವ, ಒಡೆದಂತೆ ಬೆಳೆಯುವ ಪಕ್ಷ ನಮ್ಮದು ಎಂದು ಕೆ.ಎಂ. ಮಾಣಿಯವರೇ ಹೇಳಿದ್ದರು. ಹೇಳಿದ್ದು ಪಕ್ಷದ ಬಗ್ಗೆ, ಸಭೆಯ ಬಗ್ಗೆ ಅಲ್ಲ. ಆದರೂ ಕೇಳಿದವರೆಲ್ಲ ನಕ್ಕಿದ್ದು ಎರಡನ್ನೂ ನೆನಪಿಸಿಕೊಂಡೇ ಇರಬೇಕು.

ನಾನು ಮಾಡುವುದು ಡಿಟಿಪಿ ಕೆಲಸ. ಮದುವೆ ಕಾಗದ, ಕೋಲದ ಆಮಂತ್ರಣ, ಉರೂಸಿನ ಪೋಸ್ಟರು ಎಲ್ಲ ಒಂದೇ ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ಅದರಲ್ಲಿ ಶಿಲುಬೆಗಳದ್ದೇ ಒಂದು ಫೋಲ್ಡರ್ ಇದೆ. ಕ್ರೈಸ್ತರ ಮದುವೆ ಕಾಗದ ಬಂದರೆ ಮೊದಲು ಆ ಫೋಲ್ಡರ್ ತೆರೆದು ಯಾವುದು ಬೇಕು ಎಂದು ತೋರಿಸುತ್ತೇನೆ. ಕೊಂಕಣಿಯವರು ಸಾಮಾನ್ಯವಾಗಿ ಎರಡು ಉಂಗುರಗಳ ಜೊತೆ ಒಂದು ಶಿಲುಬೆ ಇದ್ದರೆ ಸಾಕು ಎನ್ನುತ್ತಾರೆ. ಮದುವೆಯ ಮುಂಚಿನ ರೋಸ್‌ಗೆ, ಅಂದರೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ, ಬೇರೆ ಚೀಟಿ ಬೇಕೋ ಬೇಡವೋ ಎಂಬುದರ ಬಗ್ಗೆಯೇ ಮಾತು ಜಾಸ್ತಿ. ಸೀರೋ ಮಲಬಾರಿನ ಕೆಲವರಿಗೆ ಮಾರ್ ತೋಮಾ ಶಿಲುಬೆ ಬೇಕು. ಅದರ ಮೇಲೆ ಏಸುವಿನ ದೇಹ ಇರುವುದಿಲ್ಲ. ನಾಲ್ಕೂ ತುದಿಗಳು ಮೊಗ್ಗಿನ ಹಾಗೆ ಅರಳಿರುತ್ತವೆ, ಬುಡದಲ್ಲಿ ತಾವರೆ, ಮೇಲಿಂದ ಒಂದು ಪಾರಿವಾಳ ಇಳಿಯುತ್ತಿರುತ್ತದೆ. ಚೆನ್ನೈಯ ಸೇಂಟ್ ಥಾಮಸ್ ಮೌಂಟ್‌ನಲ್ಲಿ ಅಂಥದೊಂದು ಹಳೇ ಕಲ್ಲಿನ ಶಿಲುಬೆ ಇದೆ, ಸುತ್ತ ಪರ್ಷಿಯಾದ ಪಹ್ಲವಿ ಲಿಪಿಯ ಬರಹ. ಆದರೆ ಅದೇ ಸೀರೋ ಮಲಬಾರಿನ ಇನ್ನು ಕೆಲವರು ಅದನ್ನು ನೋಡಿದರೆ ಮುಖ ಸಿಂಡರಿಸುತ್ತಾರೆ. ಅದು ಮಾನಿ ಎಂಬ ಪರ್ಷಿಯಾದವನ ಪಂಥದ ಗುರುತು, ನಮ್ಮದಲ್ಲ ಎಂದು ಅವರ ವಾದ. "ಅದು ವೇಂಡ, ಸಾಧಾರಣ ಕುರಿಶು ಮದಿ" ಎಂದು ಒಬ್ಬ ಚೇಟ್ಟನ್ ಸ್ಕ್ರೀನಿನ ಮೇಲೆ ಬೆರಳಿಟ್ಟು ಹೇಳಿದ್ದರು, ಅಂದರೆ ಅದು ಬೇಡ, ಮಾಮೂಲಿ ಶಿಲುಬೆ ಸಾಕು. ಸಿಎಸ್‌ಐನವರದು ತಾವರೆಯ ದಳಗಳ ನಡುವಿನ ಶಿಲುಬೆ. ಪೆಂಟೆಕೋಸ್ಟ್‌ನವರಿಗೆ ಶಿಲುಬೆಯ ಚಿತ್ರವೇ ಬೇಡ. ಮೇಲೊಂದು ಬೈಬಲ್ ವಚನ, ಕೆಳಗೆ ವಿಷಯ, ಮುಗಿಯಿತು. ಮದುವೆಯ ದಿನ ಹುಡುಗಿಯ ಮೈಮೇಲೆ ಚಿನ್ನವೂ ಇರುವುದಿಲ್ಲ.

ಹೊರಗಿನಿಂದ ನೋಡಿದರೆ ಇವೆಲ್ಲ ಸಣ್ಣ ಸಂಗತಿಗಳು. ಆದರೆ ಒಂದೊಂದು ಶಿಲುಬೆಯ ಹಿಂದೆಯೂ ನೂರಾರು ವರ್ಷದ ಜಗಳ ಇದೆ. ಆ ಜಗಳಗಳನ್ನು ಓದುತ್ತಾ ಹೋದಂತೆ ನನಗೆ ಅನಿಸಿದ್ದು ಇಷ್ಟು: ಒಡೆಯುವುದಕ್ಕೆ ಒಂದು ಕಾರಣ ಇರುತ್ತದೆ, ಒಡೆದೇ ಉಳಿಯುವುದಕ್ಕೆ ಬೇರೆಯೇ ಕಾರಣ ಇರುತ್ತದೆ. ನಾವು ಸಾಮಾನ್ಯವಾಗಿ ಮೊದಲನೆಯದನ್ನೇ ಕೇಳುತ್ತೇವೆ, ಎರಡನೆಯದನ್ನು ಕೇಳುವುದಿಲ್ಲ.

ಮೊದಲು ಸಂಖ್ಯೆಯ ವಿಷಯ ಮುಗಿಸಿಬಿಡುತ್ತೇನೆ. ಜಗತ್ತಿನಲ್ಲಿ 45 ಸಾವಿರ ಕ್ರೈಸ್ತ ಪಂಗಡಗಳಿವೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತದೆ. ಆ ಲೆಕ್ಕ ಸುಳ್ಳಲ್ಲ, ಎಣಿಸುವ ಕ್ರಮ ಗೊತ್ತಿರಬೇಕು ಅಷ್ಟೇ. ಒಂದೇ ಸಭೆ ಹತ್ತು ದೇಶಗಳಲ್ಲಿ ಇದ್ದರೆ ಅದನ್ನು ಹತ್ತು ಎಂದೇ ಎಣಿಸುತ್ತಾರೆ. ಹಾಗೆ ನೋಡಿದರೆ ಕ್ಯಾಥೊಲಿಕ್ ಸಭೆಯೊಂದೇ ಇನ್ನೂರಕ್ಕಿಂತ ಜಾಸ್ತಿ ಆಗುತ್ತದೆ. ಯಾವ ಸಂಘಕ್ಕೂ ಸೇರದ ಸ್ವತಂತ್ರ ಸಭೆಗಳೂ ಆ ಪಟ್ಟಿಯಲ್ಲಿ ಸಾವಿರಗಟ್ಟಲೆ ಇವೆ. ದೊಡ್ಡ ಕವಲುಗಳನ್ನು ಮಾತ್ರ ಹಿಡಿದರೆ ಕೈಬೆರಳುಗಳಲ್ಲಿ ಎಣಿಸಬಹುದು.

ಗಡಿಯಲ್ಲಿ ಬದುಕುವವರಿಗೆ ಬೇಗ ಅರ್ಥವಾಗುವ ಕವಲು ಎಂದರೆ ಪರ್ಷಿಯಾದ್ದು. 4ನೇ ಶತಮಾನದಲ್ಲಿ ರೋಮ್ ಸಾಮ್ರಾಜ್ಯದ ದೊರೆಗಳು ಕ್ರೈಸ್ತರಾದರು. ಪಕ್ಕದ ಪರ್ಷಿಯಾದಲ್ಲೂ ಕ್ರೈಸ್ತರಿದ್ದರು. ಎರಡು ಸಾಮ್ರಾಜ್ಯಗಳಿಗೂ ತಲೆತಲಾಂತರದ ಹಗೆ. ರೋಮಿನ ದೊರೆ ಏಸುವನ್ನು ನಂಬಿದ ಮೇಲೆ ಪರ್ಷಿಯಾದ ಕ್ರೈಸ್ತರು ಇದ್ದಕ್ಕಿದ್ದ ಹಾಗೆ ಶತ್ರುವಿನ ಕಡೆಯವರಾದರು. 2ನೇ ಶಾಪುರ್ ದೊರೆಯ ಕಾಲದಲ್ಲಿ ಬಿಷಪರು, ಪಾದ್ರಿಗಳು ಸೇರಿ ತುಂಬ ಜನ ಸತ್ತರು. ಉಳಿದವರು ಏನು ಮಾಡಬೇಕು? 410ರಲ್ಲಿ ತಮ್ಮ ರಾಜಧಾನಿಯಲ್ಲೇ ಸಭೆ ಕೂಡಿ ತಮ್ಮ ಆಡಳಿತವನ್ನು ಗಟ್ಟಿ ಮಾಡಿಕೊಂಡರು. 424ರಲ್ಲಿ ಇನ್ನೊಂದು ಸಭೆ ಕೂಡಿ, ನಮ್ಮ ಮುಖ್ಯಸ್ಥನ ಮೇಲಿನ ದೂರನ್ನು ಪಶ್ಚಿಮದ ಬಿಷಪರ ಬಳಿ ಒಯ್ಯುವಂತಿಲ್ಲ ಎಂದು ತೀರ್ಮಾನ ಮಾಡಿದರು.

ಇಸವಿಗಳನ್ನು ಸ್ವಲ್ಪ ಗಮನಿಸಿ. ಏಸುವಿನ ತಾಯಿಯನ್ನು ದೇವಮಾತೆ ಎನ್ನಬಹುದೇ ಎಂಬ ವಿಷಯದಲ್ಲಿ ನೆಸ್ಟೋರಿಯಸ್ ಎಂಬ ಬಿಷಪನನ್ನು ಎಫೆಸಸ್‌ನಲ್ಲಿ ಕೂಡಿದ ಬಿಷಪರ ಸಭೆ ಹೊರಹಾಕಿದ್ದು 431ರಲ್ಲಿ. ಪರ್ಷಿಯಾದ ಸಭೆ ಆ ನೆಸ್ಟೋರಿಯಸ್‌ನವರದು, ಅದಕ್ಕೇ ಬೇರೆಯಾಯಿತು ಎಂದು ಎಷ್ಟೋ ಕಡೆ ಓದುತ್ತೇವೆ. ಆದರೆ ಆಡಳಿತ ಬೇರೆಯಾದದ್ದು ಅದಕ್ಕಿಂತ ಮುಂಚೆಯೇ. ಗಡಿ ಮೊದಲು ಬಂತು, ಸಿದ್ಧಾಂತ ಆಮೇಲೆ ಬಂದು ಸೇರಿಕೊಂಡಿತು. 451ರ ಕ್ಯಾಲ್ಸೆಡನ್ ಸಭೆಯದೂ ಹೆಚ್ಚುಕಡಿಮೆ ಅದೇ ಪಾಡು. ಏಸುವಿನಲ್ಲಿ ದೈವ ಮತ್ತು ಮನುಷ್ಯ ಎಂಬ ಎರಡು ಸ್ವಭಾವಗಳು ಹೇಗೆ ಕೂಡಿವೆ ಎಂಬುದರ ಮೇಲೆ ಚರ್ಚೆ. ಈಜಿಪ್ಟ್, ಸಿರಿಯಾದ ಬಹಳ ಜನ ಆ ತೀರ್ಮಾನವನ್ನು ಒಪ್ಪಲಿಲ್ಲ. ಅವರು ಗ್ರೀಕ್ ಮಾತಾಡುವ ರಾಜಧಾನಿಯ ಯಜಮಾನಿಕೆಯನ್ನೂ ಒಪ್ಪುತ್ತಿರಲಿಲ್ಲ.

ಸಿದ್ಧಾಂತ ಎಲ್ಲ ಬರೀ ನೆಪ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದಕ್ಕಾಗಿ ಊರು ಬಿಟ್ಟವರಿಗೆ, ಪ್ರಾಣ ಕೊಟ್ಟವರಿಗೆ ಅವಮಾನ ಮಾಡಿದ ಹಾಗೆ. ಒಂದೇ ಗಲಾಟೆಯಲ್ಲಿ ಎರಡೂ ಇರುತ್ತವೆ ಅಷ್ಟೇ, ಮತ್ತು ಯಾವುದು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಬೇರೆಯಾದ ಕತೆಯಂತೂ ವಿಚಿತ್ರ. 1054ರ ಜುಲೈನಲ್ಲಿ ಪೋಪರ ಪ್ರತಿನಿಧಿ ಹಂಬರ್ಟ್ ಎಂಬ ಕಾರ್ಡಿನಲ್ ಹಾಗಿಯಾ ಸೋಫಿಯಾದ ಪೀಠದ ಮೇಲೆ ಬಹಿಷ್ಕಾರದ ಪತ್ರ ಇಟ್ಟು ಬಂದ. ಯಾವ ಪೋಪರ ಹೆಸರಿನಲ್ಲಿ ಇಟ್ಟನೋ ಆ 9ನೇ ಲಿಯೋ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು. ಪರಮಪ್ರಸಾದದ ರೊಟ್ಟಿಗೆ ಹುಳಿ ಸೇರಿಸಬೇಕೋ ಬೇಡವೋ, ಪವಿತ್ರಾತ್ಮ ತಂದೆಯಿಂದ ಮಾತ್ರ ಹೊರಡುತ್ತದೋ ಮಗನಿಂದಲೂ ಹೊರಡುತ್ತದೋ, ಇವೆಲ್ಲ ಅಲ್ಲಿ ಚರ್ಚೆಗೆ ಬಂದವು. ಆದರೆ ಜನರ ಮನಸ್ಸು ನಿಜವಾಗಿ ಮುರಿದದ್ದು 1204ರಲ್ಲಿ, ಪಶ್ಚಿಮದ ಧರ್ಮಯೋಧರು ಕಾನ್‌ಸ್ಟಾಂಟಿನೋಪಲನ್ನೇ ಕೊಳ್ಳೆ ಹೊಡೆದಾಗ. ಬಹಿಷ್ಕಾರವನ್ನು ಎರಡೂ ಕಡೆಯವರು 1965ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ಸಭೆಗಳು ಮಾತ್ರ ಒಂದಾಗಲಿಲ್ಲ.

ನಮ್ಮ ತರವಾಡುಗಳ ಪಾಲುಪಟ್ಟಿಯ ಹಾಗೆ ಇದು. ಅಣ್ಣ ತಮ್ಮ ಯಾವುದೋ ಕಾಲದಲ್ಲಿ ಯಾವುದೋ ಮಾತಿಗೆ ಜಗಳವಾಡಿ ಪಾಲು ಮಾಡಿಕೊಳ್ಳುತ್ತಾರೆ. ಆ ಮಾತು ಏನು ಎಂದು ಮೊಮ್ಮಕ್ಕಳಿಗೆ ನೆನಪಿರುವುದಿಲ್ಲ. ಆದರೆ ಅಷ್ಟರಲ್ಲಿ ಬೇರೆ ಬಾವಿ ತೋಡಿ ಆಗಿರುತ್ತದೆ, ಬೇರೆ ಬೇಲಿ ಎದ್ದಿರುತ್ತದೆ, ಬೇರೆ ಬೇರೆ ಕಡೆ ಸಂಬಂಧ ಬೆಳೆದಿರುತ್ತದೆ.

ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸುವುದು ಕೇರಳದ ಸುರಿಯಾನಿಗಳ, ಅಂದರೆ ಸುರಿಯಾನಿ ಭಾಷೆಯಲ್ಲಿ ಪೂಜೆ ಮಾಡಿಕೊಂಡು ಬಂದ ಹಳೇ ಕ್ರೈಸ್ತರ, ಇತಿಹಾಸ. ಇವರಿಗೆ ಹಿಂದಿನಿಂದಲೂ ಬಿಷಪರು ಬರುತ್ತಿದ್ದದ್ದು ಪರ್ಷಿಯಾ, ಮೆಸೊಪೊಟೇಮಿಯಾ ಕಡೆಯಿಂದ, ಕರಿಮೆಣಸಿನ ಹಡಗುಗಳ ದಾರಿಯಲ್ಲೇ. ಅಂದರೆ ಮೇಲೆ ಹೇಳಿದ ಆ ಗಡಿಯಾಚೆಯ ಸಭೆಯ ಜೊತೆ ಸಂಬಂಧ. ಆಮೇಲೆ ಪೋರ್ಚುಗೀಸರು ಬಂದರು. 1599ರಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜೆಸ್ ಉದಯಂಪೇರೂರಿನಲ್ಲಿ ಸಭೆ ಕರೆದು, ನಿಮ್ಮ ಪದ್ಧತಿಗಳಲ್ಲಿ ತಪ್ಪಿದೆ, ತಿದ್ದಿಕೊಳ್ಳಿ ಎಂದರು. ಹಳೇ ಸುರಿಯಾನಿ ಗ್ರಂಥಗಳನ್ನು ಸುಡಿಸಿದರು. 50 ವರ್ಷ ಸಿಟ್ಟು ಒಳಗೊಳಗೇ ಕುದಿಯಿತು. 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಜನ ಸೇರಿ, ಈ ಪಾದ್ರಿಗಳಿಗೆ ಇನ್ನು ನಾವು ತಲೆಬಾಗುವುದಿಲ್ಲ ಎಂದು ಆಣೆ ಹಾಕಿದರು. ಎಲ್ಲರ ಕೈಗೂ ಶಿಲುಬೆ ಸಿಗದ ಕಾರಣ ಅದಕ್ಕೆ ಹಗ್ಗ ಕಟ್ಟಿ ಹಿಡಿದುಕೊಂಡರಂತೆ, ಎಳೆತಕ್ಕೆ ಶಿಲುಬೆ ಬಾಗಿತಂತೆ. ಕೂನನ್ ಕುರಿಶು ಸತ್ಯ, ಅಂದರೆ ಬಾಗಿದ ಶಿಲುಬೆಯ ಆಣೆ, ಎಂದು ಮಲಯಾಳಿಗಳು ಹೇಳುವುದು ಇದನ್ನೇ.

ಮುಂದಿನದು ನನಗೆ ತುಂಬ ಕುತೂಹಲದ ಭಾಗ. ಆಣೆ ಹಾಕಿದ್ದಾಯಿತು, ಬಿಷಪರು ಬೇಕಲ್ಲ? 12 ಮಂದಿ ಪಾದ್ರಿಗಳು ಸೇರಿ ತಮ್ಮ ಮುಖ್ಯಸ್ಥ ತೋಮಾ ಅವರ ತಲೆಯ ಮೇಲೆ ಕೈಯಿಟ್ಟು ಅವರನ್ನೇ ಬಿಷಪ್ ಮಾಡಿಕೊಂಡರು. ಬಿಷಪನನ್ನು ಇನ್ನೊಬ್ಬ ಬಿಷಪನೇ ಮಾಡಬೇಕು ಎಂಬುದು ನಿಯಮ. ರೋಮ್ ಕಾರ್ಮೆಲೈಟ್ ಸನ್ಯಾಸಿಗಳನ್ನು ಕಳಿಸಿತು, ಆಣೆ ಹಾಕಿದವರಲ್ಲಿ ತುಂಬ ಜನ ರೋಮ್ ಕಡೆಗೇ ವಾಪಸ್ ಹೋದರು. 1663ರಲ್ಲಿ ಊರಿನವರೇ ಆದ ಪರಂಬಿಲ್ ಚಾಂಡಿ ಅವರನ್ನು ರೋಮ್ ಬಿಷಪ್ ಮಾಡಿತು. ಉಳಿದವರು ಎಲ್ಲೆಲ್ಲೋ ಪತ್ರ ಬರೆದರು. 1665ರಲ್ಲಿ ಕೊನೆಗೂ ಗ್ರೆಗೋರಿಯೋಸ್ ಎಂಬ ಬಿಷಪರು ಬಂದರು. ಆದರೆ ಬಂದದ್ದು ಪರ್ಷಿಯಾದ ಸಭೆಯಿಂದಲ್ಲ, ಆಂಟಿಯೋಕ್‌ನ ಸಭೆಯಿಂದ. 5ನೇ ಶತಮಾನದ ಜಗಳದಲ್ಲಿ ಆ ಎರಡು ಸಭೆಗಳು ಎದುರುಬದುರು ನಿಂತವು! ಕೇರಳದವರಿಗೆ ಆ ಹೊತ್ತಿಗೆ ಅದು ಮುಖ್ಯ ಆಗಲಿಲ್ಲ. ಕೈಯಿಡುವ ಒಬ್ಬ ಬಿಷಪ್ ಬೇಕಾಗಿತ್ತು, ಸಿಕ್ಕಿದರು. ಪ್ರಾರ್ಥನೆಯ ಪದ್ಧತಿ ನಿಧಾನಕ್ಕೆ ಬದಲಾಯಿತು, ನಂಬಿಕೆಯ ಮಾತುಗಳೂ ಬದಲಾದವು. ಸಿದ್ಧಾಂತ ಹುಡುಕಿಕೊಂಡು ಸಭೆ ಸೇರಿದ್ದಲ್ಲ, ಬಿಷಪರ ಹಿಂದೆ ಸಿದ್ಧಾಂತ ಬಂತು.

ಅಲ್ಲಿಂದ ಮುಂದೆ ಒಡೆಯುತ್ತಲೇ ಹೋಯಿತು. 1836ರಲ್ಲಿ ಅಬ್ರಹಾಂ ಮಲ್ಪಾನ್ ಸಂತರ ಪೂಜೆ, ಸತ್ತವರಿಗಾಗಿ ಪ್ರಾರ್ಥನೆ ಬೇಡ ಎಂದು ಸುಧಾರಣೆ ಶುರು ಮಾಡಿದರು. ಆಸ್ತಿ ಯಾರದು ಎಂಬ ಕೇಸು ತಿರುವಾಂಕೂರಿನ ಕೋರ್ಟಿನಲ್ಲಿ 1889ರವರೆಗೆ ನಡೆದು ಸುಧಾರಣೆಯವರು ಸೋತರು. ಅವರು ಈಗಿನ ಮಾರ್ ತೋಮಾ ಸಭೆ. 1912ರಲ್ಲಿ ಉಳಿದವರೂ ಆರ್ಥೊಡಾಕ್ಸ್, ಯಾಕೋಬಾಯ ಎಂದು ಎರಡಾದರು. ಆಂಟಿಯೋಕ್‌ನ ಪೇತ್ರಿಯಾರ್ಕ್‌ಗೆ, ಅಂದರೆ ಆ ಸಭೆಯ ಮುಖ್ಯಸ್ಥರಿಗೆ, ಎಷ್ಟು ಅಧಿಕಾರ ಎಂಬುದು ಪ್ರಶ್ನೆ. ಆ ಜಗಳ ಕೋರ್ಟು ಹತ್ತಿದ್ದು ಹೇಗೆ ಗೊತ್ತಾ? ಬಡ್ಡಿ ದುಡ್ಡಿನಿಂದ. 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಳಿ ಸುರಿಯಾನಿಗಳ ಹೆಸರಿನಲ್ಲಿ 3,000 ವರಾಹ ಠೇವಣಿ ಇಟ್ಟಿದ್ದರು, ವರ್ಷಕ್ಕೆ ನೂರಕ್ಕೆ 8ರ ಬಡ್ಡಿ. ಬಡ್ಡಿ ತೆಗೆದುಕೊಳ್ಳುವ ನಿಜವಾದ ಸಭೆ ಯಾವುದು ಎಂದು ತೀರ್ಮಾನ ಆಗಬೇಕಾಯಿತು. ವಟ್ಟಿಪ್ಪಣ ಕೇಸು ಎಂದೇ ಅದಕ್ಕೆ ಹೆಸರು.

1930ರಲ್ಲಿ ಮಾರ್ ಇವಾನಿಯೋಸ್ ಮತ್ತು ಕೆಲವರು ಈ ಜಗಳ ಸಾಕಪ್ಪಾ ಎಂದು ತಮ್ಮ ಪದ್ಧತಿಯನ್ನು ಹಾಗೇ ಉಳಿಸಿಕೊಂಡು ರೋಮ್ ಸೇರಿದರು. ಅದು ಮಲಂಕರ ಕ್ಯಾಥೊಲಿಕ್ ಸಭೆ. ಒಂದಾಗಲು ಹೋಗಿ ಇನ್ನೊಂದು ಪಂಗಡ ಹೆಚ್ಚಾಯಿತು ನೋಡಿ. ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಕೇಸು ಸುಪ್ರೀಂ ಕೋರ್ಟ್ ಮುಟ್ಟಿ, 2017ರ ಜುಲೈ 3ರಂದು ಸಭೆಯ 1934ರ ಸಂವಿಧಾನದ ಪ್ರಕಾರವೇ ಎಲ್ಲ ಪಳ್ಳಿಗಳೂ (ಇಗರ್ಜಿಗಳೂ) ನಡೆಯಬೇಕು ಎಂದು ತೀರ್ಪಾಯಿತು. ಆಮೇಲೆ ಬಂದದ್ದು ಹೆಣಗಳ ಪ್ರಶ್ನೆ. ಪಳ್ಳಿ ಒಂದು ಬಣದ ಕೈಗೆ ಹೋದರೆ ಇನ್ನೊಂದು ಬಣದವರು ಸತ್ತಾಗ ಹೂಳುವುದು ಎಲ್ಲಿ? ಅಪ್ಪ ಅಜ್ಜ ಮಲಗಿದ ಜಾಗ ಅಲ್ಲೇ ಇದೆ, ಗೇಟು ಹಾಕಿದೆ. ಕೊನೆಗೆ 2020ರಲ್ಲಿ ಕೇರಳ ಸರ್ಕಾರ ಹೂಳುವ ಹಕ್ಕಿಗೆಂದೇ ಒಂದು ಕಾನೂನು ಮಾಡಬೇಕಾಯಿತು. ಏಸುವಿನ ಸ್ವಭಾವ ಒಂದೋ ಎರಡೋ ಎಂಬುದಕ್ಕೂ ಆ ಗೇಟಿಗೂ ಯಾವ ಸಂಬಂಧವೂ ಇಲ್ಲ. ಎರಡೂ ಬಣದವರ ನಂಬಿಕೆ ಒಂದೇ, ಪೂಜೆಯೂ ಹೆಚ್ಚುಕಡಿಮೆ ಒಂದೇ.

ಇನ್ನು ಪ್ರೊಟೆಸ್ಟಂಟರು. 1517ರಲ್ಲಿ ಲೂಥರ್ ಪಾಪಪರಿಹಾರದ ಚೀಟಿ ಮಾರುವುದರ ವಿರುದ್ಧ 95 ಮಾತುಗಳನ್ನು ಬರೆದದ್ದು ಎಲ್ಲರಿಗೂ ಗೊತ್ತು. ಪ್ರಿಂಟಿಂಗ್ ಕೆಲಸದವನಾಗಿ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಅಚ್ಚುಮೊಳೆಯ ಗುಟೆನ್‌ಬರ್ಗ್ ಬೈಬಲ್ ಮುದ್ರಿಸಿದ ಕಾಲದಲ್ಲೇ, 1454-55ರ ಹೊತ್ತಿಗೆ, ಪಾಪಪರಿಹಾರದ ಚೀಟಿಗಳೂ ಮುದ್ರಣವಾಗಿವೆ. ಹೆಸರು, ತಾರೀಕು ಬರೆಯಲು ಖಾಲಿ ಜಾಗ ಬಿಟ್ಟ ಫಾರಂ, ಈಗಿನ ರಶೀದಿ ಪುಸ್ತಕದ ಥರ. ಚೀಟಿಯನ್ನು ಸಾವಿರಗಟ್ಟಲೆ ಮಾರಲು ಸಾಧ್ಯ ಮಾಡಿದ ಯಂತ್ರವೇ ಮುಂದೆ ಅದರ ವಿರುದ್ಧದ ಬರಹವನ್ನೂ ಊರೂರಿಗೆ ಮುಟ್ಟಿಸಿತು. ಯಂತ್ರಕ್ಕೆ ಎರಡೂ ಜಾಬ್ ವರ್ಕೇ.

ಲೂಥರ್ ಹೇಳಿದ್ದು, ಕೊನೆಯ ಮಾತು ಬೈಬಲಿನದು, ಪೋಪರದಲ್ಲ ಎಂದು. ಸರಿ, ಬೈಬಲಿನ ಅರ್ಥದ ಮೇಲೆ ಜಗಳ ಬಂದರೆ? 1529ರಲ್ಲಿ ಮಾರ್ಬುರ್ಗ್ ಎಂಬಲ್ಲಿ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ ಎದುರುಬದುರು ಕೂತರು. 15 ವಿಷಯಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು. ಪರಮಪ್ರಸಾದದ ರೊಟ್ಟಿ ನಿಜವಾಗಿ ಏಸುವಿನ ದೇಹವೋ, ನೆನಪಿನ ಗುರುತೋ ಎಂಬ ಒಂದು ಮಾತ್ರ ಉಳಿಯಿತು. 'ಇದು ನನ್ನ ದೇಹ' ಎಂಬ ಏಸುವಿನ ಮಾತನ್ನು ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡಿದ್ದರು, ಅದರಿಂದ ಅಲುಗಲಿಲ್ಲ. ಅದೇ ಜ್ವಿಂಗ್ಲಿಯ ಜ್ಯೂರಿಕ್‌ನಲ್ಲಿ, ಮಕ್ಕಳಿಗೆ ದೀಕ್ಷಾಸ್ನಾನ ಬೈಬಲಿನಲ್ಲಿಲ್ಲ, ದೊಡ್ಡವರಾದ ಮೇಲೆ ನಂಬಿಕೆ ಹೇಳಿಕೊಂಡೇ ತೆಗೆದುಕೊಳ್ಳಬೇಕು ಎಂದ ಫೆಲಿಕ್ಸ್ ಮಾಂಜ್ ಎಂಬವನನ್ನು 1527ರಲ್ಲಿ ನದಿಯಲ್ಲಿ ಮುಳುಗಿಸಿ ಕೊಂದರು. ಅವನೂ ಬೈಬಲನ್ನೇ ಓದಿ ಹೇಳಿದ್ದು. ಇಂಗ್ಲೆಂಡಿನ 8ನೇ ಹೆನ್ರಿ 1534ರಲ್ಲಿ ಬೇರೆಯಾದದ್ದಕ್ಕೆ ಇಷ್ಟೆಲ್ಲ ಓದು ಬೇಕಾಗಿರಲಿಲ್ಲ. ಹೆಂಡತಿಯನ್ನು ಬಿಡಲು ಪೋಪರು ಒಪ್ಪಲಿಲ್ಲ. ಜರ್ಮನಿಯಲ್ಲಿ 1555ರ ಒಪ್ಪಂದ ದೊರೆಯ ಸಭೆಯೇ ಪ್ರಜೆಗಳ ಸಭೆ ಎಂದಿತು. ಹೊಳೆ ದಾಟಿದರೆ ನಂಬಿಕೆ ಬದಲು. ಈ ಮಾತು ನಮಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು?

ನಮ್ಮ ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ ಈ ವಿಷಯದಲ್ಲಿ ಬುದ್ಧಿವಂತಿಕೆ ತೋರಿಸಿತು. ಬಾಸೆಲ್ ಊರು ಜ್ವಿಂಗ್ಲಿಯ ಕಡೆಯದು. ಬಂದ ಮಿಶನರಿಗಳಲ್ಲಿ ತುಂಬ ಜನ ಜರ್ಮನಿಯ ಲೂಥರನ್ನರು. ಮಾರ್ಬುರ್ಗಿನ ಆ ಒಂದು ವಿಷಯವನ್ನು ಅವರು ಮಂಗಳೂರಿಗೆ ಹೊತ್ತು ತರಲಿಲ್ಲ. ಹಂಚು ಮಾಡಿದರು, ಪತ್ರಿಕೆ ಮಾಡಿದರು, ಕಿಟ್ಟೆಲ್ ನಿಘಂಟು ಮಾಡಿದರು. ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ಗುಂಡರ್ಟರ ತಲಶ್ಶೇರಿ, ನಡುವೆ ನಾವು.

ಕೆಲವು ಒಡಕುಗಳ ಬಗ್ಗೆ ಮಾತ್ರ ನನಗೆ ಬೇಸರವೇ ಇಲ್ಲ. ಅಮೆರಿಕದ ಬ್ಯಾಪ್ಟಿಸ್ಟರು 1845ರಲ್ಲಿ ಎರಡಾದದ್ದು ಗುಲಾಮರನ್ನು ಇಟ್ಟುಕೊಂಡವರು ಮಿಶನರಿ ಆಗಬಹುದೇ ಎಂಬ ಪ್ರಶ್ನೆಗೆ. ಆಗಬಹುದು ಎಂದ ದಕ್ಷಿಣದವರು ಬೇರೆ ಹೋದರು, ಕ್ಷಮೆ ಕೇಳಿದ್ದು 1995ರಲ್ಲಿ. ಅಂಥವರ ಜೊತೆ ಒಂದಾಗಿಯೇ ಇರಬೇಕಿತ್ತು ಎನ್ನಲು ಬರುತ್ತದಾ? 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ವಿಲಿಯಂ ಸೆಮೋರ್ ಎಂಬ ಕರಿಯ ಬೋಧಕನ ಸಭೆಯಿಂದ ಪೆಂಟೆಕೋಸ್ಟ್ ಜಗತ್ತಿಗೆಲ್ಲ ಹಬ್ಬಿತು. ಅವನ ಅಪ್ಪ ಅಮ್ಮ ಗುಲಾಮರಾಗಿದ್ದವರು. ಅಲ್ಲಿ ಮೊದಮೊದಲು ಕರಿಯರು ಬಿಳಿಯರು ಒಟ್ಟಿಗೆ ಮಂಡಿಯೂರಿದ್ದರು.

ಕೇರಳದಲ್ಲೂ ಹಾಗೇ. ಜಾತಿ ಬಿಟ್ಟು ಬನ್ನಿ ಎಂದು ಕರೆದ ಸಭೆಗಳಲ್ಲಿ ದಲಿತರಿಗೆ ಬೇರೆ ಸಾಲು, ಬೇರೆ ಪಳ್ಳಿ. ಪೊಯ್‌ಕಯಿಲ್ ಯೋಹನ್ನಾನ್ ಮಾರ್ ತೋಮಾ ಸಭೆಗೆ ಹೋದರು, ಅಲ್ಲಿಂದ ಬ್ರದರನ್ ಕಡೆ ಹೋದರು, ಎಲ್ಲ ಕಡೆಯೂ ಅದನ್ನೇ ಕಂಡು 1909ರಲ್ಲಿ ತಮ್ಮದೇ ಪ್ರತ್ಯಕ್ಷ ರಕ್ಷಾ ದೈವಸಭೆ ಕಟ್ಟಿದರು. ನಮ್ಮ ಮಂಗಳೂರು ಕಡೆಯ ಕ್ಯಾಥೊಲಿಕರಲ್ಲಿ ಸಂಬಂಧ ನೋಡುವಾಗ ಬಾಮಣ್, ಚಾರೊಡಿ ಎಂಬ ಜಾತಿಯ ಮಾತು ಹಿಂದೆ ಬಹಿರಂಗವಾಗಿಯೇ ಬರುತ್ತಿತ್ತು. ಈಗ ಮೆಲ್ಲಗೆ ಬರುತ್ತದೆ. ಪೋಪರು ಒಬ್ಬರೇ ಆದ ಮಾತ್ರಕ್ಕೆ ಎಲ್ಲ ಒಂದಾಗಲಿಲ್ಲ ಎನ್ನಲು ಇದಕ್ಕಿಂತ ದೂರ ಹೋಗಬೇಕಿಲ್ಲ.

ಒಂದಾದದ್ದೂ ಇದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಸೇರಿ ಸಿಎಸ್‌ಐ ಆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದೂವರೆ ತಿಂಗಳೂ ಆಗಿರಲಿಲ್ಲ. ಇಂಗ್ಲೆಂಡಿನ ಜಗಳ ಇಂಗ್ಲೆಂಡಿನವರಿಗಿರಲಿ, ನಮಗೇಕೆ ಎಂಬ ಮಾತು ಇಲ್ಲಿನ ಕ್ರೈಸ್ತರಲ್ಲಿ ಅದಕ್ಕೆ ಮುಂಚೆಯೇ ಶುರುವಾಗಿತ್ತು. ಅಲ್ಲೂ ಕಗ್ಗಂಟಾದದ್ದು ಅದೇ ಹಳೇ ಪ್ರಶ್ನೆ, ಬಿಷಪರ ಕೈ ತಲೆಯ ಮೇಲೆ ಬೀಳದ ಪಾದ್ರಿ ಪಾದ್ರಿಯೇ? ಇದ್ದವರು ಹಾಗೇ ಮುಂದುವರಿಯಲಿ, ಹೊಸಬರಿಗೆ ಬಿಷಪರು ಕೈಯಿಡಲಿ ಎಂದು ದಾರಿ ಮಾಡಿಕೊಂಡರು. 1665ರಲ್ಲಿ ಇಂಥದೊಂದು ದಾರಿ ಹೊಳೆದಿದ್ದರೆ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಹಳೇ ಕಾರಣಗಳೂ ಒಂದೊಂದಾಗಿ ಕರಗುತ್ತಾ ಬಂದಿವೆ. ಪೋಪ್ ಮತ್ತು ಆಂಟಿಯೋಕ್‌ನ ಪೇತ್ರಿಯಾರ್ಕ್ 1984ರಲ್ಲಿ ಸೇರಿ, 451ರ ಜಗಳ ಹೆಚ್ಚಾಗಿ ಭಾಷೆ ಮತ್ತು ಸಂಸ್ಕೃತಿಯ ವ್ಯತ್ಯಾಸದಿಂದ ಆದದ್ದು ಎಂದರು. 1994ರಲ್ಲಿ ಪರ್ಷಿಯಾದ ಆ ಹಳೇ ಸಭೆಯ ಜೊತೆಗೂ ಅಂಥದೇ ಒಂದು ಹೇಳಿಕೆಗೆ ಸಹಿಯಾಯಿತು. 1999ರಲ್ಲಿ ಕ್ಯಾಥೊಲಿಕರು ಮತ್ತು ಲೂಥರನ್ನರು, ಮನುಷ್ಯ ನೀತಿವಂತನಾಗುವುದು ಹೇಗೆ ಎಂಬ ಮೂಲ ಪ್ರಶ್ನೆಯಲ್ಲಿ ಹಳೇ ಖಂಡನೆಗಳು ಇನ್ನು ಅನ್ವಯಿಸುವುದಿಲ್ಲ ಎಂದರು. ಅಷ್ಟಾದರೂ ಯಾರೂ ತಮ್ಮ ಬೋರ್ಡು ಬಿಚ್ಚಲಿಲ್ಲ. ಹೇಗೆ ಬಿಚ್ಚುತ್ತಾರೆ? ಶಾಲೆ ಇದೆ, ಆಸ್ಪತ್ರೆ ಇದೆ, ಆಸ್ತಿ ಇದೆ, ಸ್ಮಶಾನ ಇದೆ. ಇದರ ಪಕ್ಕದಲ್ಲೇ ಹೊಸ ಜಗಳವೂ ಹುಟ್ಟುತ್ತದೆ. ಪೂಜೆಯ ಮೊದಲರ್ಧ ಪಾದ್ರಿ ಜನರ ಕಡೆ, ಎರಡನೇ ಅರ್ಧ ಪೀಠದ ಕಡೆ ಮುಖ ಮಾಡಬೇಕು ಎಂದು ಸೀರೋ ಮಲಬಾರ್ ಸಭೆ 2021ರಲ್ಲಿ ತೀರ್ಮಾನಿಸಿದ್ದಕ್ಕೆ ಎರ್ನಾಕುಲಂ ಕಡೆ ಎಷ್ಟು ದೊಡ್ಡ ಗಲಾಟೆಯಾಯಿತು ಎಂದು ನೆನಪಿದೆ ಅಲ್ವಾ? ಮುಖ ಯಾವ ಕಡೆ ಎಂಬುದು ಸಣ್ಣ ವಿಷಯ ಎಂದು ಹೊರಗಿನವರಾದ ನಾವು ಹೇಳಬಹುದು. ಶ್ರೀವೈಷ್ಣವರ ತೆಂಗಲೆ, ವಡಗಲೆ ನಾಮದ ಕೇಸು ಕೋರ್ಟಿಗೆ ಹೋದ ದೇಶದವರು ನಾವು ಎಂಬುದೂ ಗೊತ್ತಿರಲಿ.

ಎಲ್ಲಕ್ಕಿಂತ ಗಟ್ಟಿ ಬೇಲಿ ಮದುವೆಯದು. ರಾಜಪುರದ ಕ್ನಾನಾಯರು ತಮ್ಮೊಳಗೇ ಮದುವೆಯಾಗಬೇಕು. ಹೊರಗೆ ಆದರೆ, ಆದದ್ದು ಇನ್ನೊಬ್ಬ ಕ್ಯಾಥೊಲಿಕರನ್ನೇ ಆದರೂ, ಆ ಧರ್ಮಪ್ರಾಂತದಲ್ಲಿ ಜಾಗ ಇಲ್ಲ ಎಂಬುದು ನಡೆದುಬಂದ ಪದ್ಧತಿ. ಅದು ತಪ್ಪು ಎಂದು 2021ರಲ್ಲಿ ಕೊಟ್ಟಾಯಂನ ಕೋರ್ಟು ಹೇಳಿತು, ವಿಷಯ ಮೇಲಿನ ಕೋರ್ಟುಗಳಿಗೆ ಹೋಯಿತು. ಉಳಿದವರಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಬೇಳದ ಕಡೆಯ ಹುಡುಗಿ, ವೆಳ್ಳರಿಕುಂಡು ಕಡೆಯ ಹುಡುಗ, ಮಂಗಳೂರಿನ ಕಾಲೇಜಿನಲ್ಲಿ ಪರಿಚಯ, ಈಗ ಇಂಥ ಮದುವೆ ಅಪರೂಪ ಅಲ್ಲ. ಲ್ಯಾಟಿನ್ ಮತ್ತು ಸೀರೋ ಮಲಬಾರ್ ನಡುವೆ ವಿಶೇಷ ಅನುಮತಿಯೂ ಬೇಕಾಗಿಲ್ಲ, ಪಳ್ಳಿಯಿಂದ ಪಳ್ಳಿಗೆ ಒಂದು ಪತ್ರ ಹೋದರೆ ಸಾಕು.

ಅಂಥ ಒಂದು ಮಾತುಕತೆಯಲ್ಲಿ ಹುಡುಗಿಯ ಮನೆಯವರು, ನನ್ನ ಪರಿಚಯದವರು, ಭಾಷೆಗೆ ಸಹಾಯ ಆಗುತ್ತದೆ ಎಂದು ನನ್ನನ್ನೂ ಕೂರಿಸಿಕೊಂಡಿದ್ದರು. ಪೋಪು, ಬಿಷಪು, ಪೂಜೆ ಯಾವುದೂ ಚರ್ಚೆಗೆ ಬರಲಿಲ್ಲ. ಮಕ್ಕಳು ಅಪ್ಪನ ಸಭೆಗೆ ಸೇರುತ್ತಾರೆ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಭಾನುವಾರದ ಧರ್ಮಪಾಠ ಎಲ್ಲ ಮಲಯಾಳಂನಲ್ಲೇ ಆಗುತ್ತದೆ ಎಂದು ತಿಳಿದಾಗ ಹುಡುಗಿಯ ಅಮ್ಮನ ಮುಖ ಸ್ವಲ್ಪ ಇಳಿಯಿತು.

"ಹಾಗಾದ್ರೆ ನನ್ನ ಮೊಮ್ಮಕ್ಕಳು ಕೊಂಕಣಿಯಲ್ಲಿ ತೆರ್ಸ್ ಹೇಳುವುದೇ ಇಲ್ವಾ?" ಎಂದು ನನ್ನನ್ನು ಕೇಳಿದರು. ತೆರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ, ಮಲಯಾಳಿಗಳ ಕೊಂತ. ನಾನು ಮಲಯಾಳಂನಲ್ಲಿ ದಾಟಿಸಿದೆ.

ಹುಡುಗನ ಅಮ್ಮ ಚಾ ಲೋಟ ಕೆಳಗಿಟ್ಟರು. "ಸಂಜೆ ಕೊಂತಕ್ಕೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಕೂರುವುದಿಲ್ಲ. ಚೇಚಿ ಬಂದು ಅವರ ಭಾಷೆಯಲ್ಲೇ ಕಲಿಸಲಿ. ಮಕ್ಕಳು ಒಂದು ಭಾಷೆಯಲ್ಲಾದರೂ ಪ್ರಾರ್ಥನೆ ಮಾಡಲಿ ಅಂತ ಹೇಳಿ" ಎಂದರು.